ಹಂದಿ ಶೋಲ್ಡರ್ ರೋಸ್ಟ್: ಮೇಲೆ ಸೀದು ಕಪ್ಪು, ಒಳಗೆ ರಬ್ಬರ್. ಎಲ್ಲಿ ತಪ್ಪಾಯ್ತು?

ಒಲೆಮುಂದೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನಿನ್ನೆ ಅಣ್ಣ-ಅತ್ತಿಗೆ ಊಟಕ್ಕೆ ಬರೋರಿದ್ರು. ಎರಡೂವರೆ ಕೆಜಿ ಶೋಲ್ಡರ್ ತಂದಿದ್ದೆ, ಮೂಳೆ ಸಮೇತ, ಇಡಿಯಾಗಿ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಹುರಿದ ಕಾಳುಮೆಣಸು, ಜೀರಿಗೆ, ಕೊತ್ತಂಬರಿ ಬೀಜ, ಉಪ್ಪು, ಎರಡು ಚಮಚ ಬೆಲ್ಲ, ನಾಲ್ಕು ದೊಡ್ಡ ಚಮಚ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ). ಎಲ್ಲಾ ಅರೆದು ಹಚ್ಚಿ ಶುಕ್ರವಾರ ರಾತ್ರಿಯಿಂದ ಫ್ರಿಜ್ಜಲ್ಲಿಟ್ಟಿದ್ದೆ.

ಭಾನುವಾರ ಬೆಳಿಗ್ಗೆ 8ಕ್ಕೆ ಓಟಿಜಿಗೆ (ಮನೆಯ ಸಣ್ಣ ಕರೆಂಟ್ ಓವನ್) ಇಟ್ಟೆ. 150 ಡಿಗ್ರಿ, ಮೇಲಿನ ರಾಡು, ಕೆಳಗಿನ ರಾಡು ಎರಡೂ ಆನ್. ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರ್ ಹತ್ತೂವರೆ ತನಕ ಚೆನ್ನಾಗೇ ಏರ್ತಿತ್ತು. ಆಮೇಲೆ ಥರ್ಮಾಮೀಟರ್ 70ಕ್ಕೆ ಬಂದು ನಿಂತೇಬಿಡ್ತು. ಒಂದೂಕಾಲು ಗಂಟೆ ಕಾದ್ರೂ 71. ಗಾಬರಿಯಾಗಿ 220ಕ್ಕೆ ತಿರುಗಿಸಿದೆ. ಮುಕ್ಕಾಲು ಗಂಟೆಯಲ್ಲಿ 80 ಆಯ್ತು, ತೆಗೆದೆ. ಮೇಲೆ ಸೀದು ಕಹಿ, ಅದರ ಕೆಳಗೆ ಒಂದು ಪದರ ಹಿಟ್ಟು ಹಿಟ್ಟು, ಒಳಗೆ ಜಗಿದರೆ ಹರಿಯದ ಮಾಂಸ. ಅಣ್ಣ ಒಂದು ಮಾತೂ ಆಡದೆ ತಿಂದರು, ಅದೇ ನನಗೆ ಸಂಕಟ. ಓಟಿಜಿ ಕೆಟ್ಟಿದೆಯಾ?

ಆಲೆಮನೆ, ಮಂಡ್ಯ

ಅಕ್ಕ, ಮೊದಲು ಮೂರು ವಿಷಯ ಹೇಳಿ. ಅಂಗಡಿಯವರು ಕೊಟ್ಟಿದ್ದು ಮುಂಗಾಲಿಂದಾ, ಹಿಂಗಾಲಿಂದಾ? ಫಾಯಿಲ್ ಮುಚ್ಚಿದ್ರಾ? ಉಳಿದದ್ದು ಎಲ್ಲಿದೆ?

ಒಲೆಮುಂದೆ, ಮೈಸೂರು

ಮುಂಗಾಲೇ, ನಾನೇ ನಿಂತು ಕೊಯ್ಯಿಸಿದ್ದು. ತೊಗಲು ಹಾಗೇ ಇತ್ತು. ಫಾಯಿಲ್ ಮುಚ್ಚಿರಲಿಲ್ಲ. ಊಟ ಆದ ತಕ್ಷಣ ಮಿಕ್ಕಿದ್ದನ್ನ ಫ್ರಿಜ್ಜಿಗಿಟ್ಟೆ, ಒಂದೂವರೆ ಕೆಜಿ ಇರಬಹುದು.

ಆಲೆಮನೆ, ಮಂಡ್ಯ

ಹಾಗಾದ್ರೆ ಮಾಂಸ ಸರಿಯಾದದ್ದೇ. ಓಟಿಜಿ ಮೇಲೂ ಅನುಮಾನ ಬೇಡ. ನೀವು ಸೋತಿದ್ದು ಆ 70 ಡಿಗ್ರಿ ಹತ್ತಿರ, ಅಲ್ಲಿ ಬಹಳ ಜನ ಸೋಲ್ತಾರೆ. ನಾನೂ ಮೊದಲೆರಡು ಸಲ ಅಲ್ಲೇ ಉರಿ ಏರಿಸಿ ಕೆಡಿಸಿದ್ದೆ.

ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗೋದು ನೋಡಿದೀರಲ್ಲ, ಇದೂ ಅದೇ. ಮಾಂಸದ ಒಳಗಿನ ನೀರು ಹೊರಕ್ಕೆ ಬಂದು ಆವಿಯಾಗ್ತಾ ಇರುತ್ತೆ, ಆವಿ ಹೋಗ್ತಾ ಶಾಖ ಹೊತ್ಕೊಂಡು ಹೋಗುತ್ತೆ. 65ರಿಂದ 75ರ ನಡುವೆ ಎಲ್ಲೋ ಒಂದು ಕಡೆ ಓಟಿಜಿ ಕೊಡೋ ಶಾಖಕ್ಕೂ ಆವಿ ಕದಿಯೋ ಶಾಖಕ್ಕೂ ಸಮ ಆಗಿ ಥರ್ಮಾಮೀಟರ್ ಮುಳ್ಳು ನಿಂತುಬಿಡುತ್ತೆ. ಗಂಟೆ, ಎರಡು ಗಂಟೆ ಹಾಗೇ ನಿಲ್ಲಬಹುದು. ಆಗ ಉರಿ ಏರಿಸಬಾರದು, ಫಾಯಿಲ್ ಬಿಗಿಯಾಗಿ ಸುತ್ತಬೇಕು. ಆವಿಗೆ ದಾರಿ ಇಲ್ಲ ಅಂದ್ರೆ ಮುಳ್ಳು ತಾನಾಗೇ ಮತ್ತೆ ಏರುತ್ತೆ.

ಎರಡನೇದು, 80 ಸಾಲದು. ಪ್ರಾಣಿ ದಿನವೆಲ್ಲ ಮೈಭಾರ ಹೊತ್ತು ನಡೆಯೋ ಜಾಗ ಇದು, ನಾರು ಜಾಸ್ತಿ. ಆ ನಾರಿನ ಕೊಲಾಜನ್ ಕರಗಿ ಜೆಲಾಟಿನ್ ಆದ್ರೇನೇ ಮೆತ್ತಗಾಗೋದು. 70 ದಾಟಿದ ಮೇಲೆ ಅದು ಚುರುಕಾಗಿ ನಡೆಯುತ್ತೆ, ಆದ್ರೂ ಗಂಟೆಗಟ್ಟಲೆ ಹಿಡಿಯುತ್ತೆ. 80ಕ್ಕೆ ತೆಗೆದ್ರೆ ಹುಳದ ಭಯ ಇಲ್ಲ, ತಿನ್ನೋಕೆ ಅಪಾಯ ಇಲ್ಲ, ಆದ್ರೆ ರಬ್ಬರೇ. ಫೋರ್ಕಲ್ಲಿ ಎಳೆ ಎಳೆಯಾಗಿ ಬರಬೇಕಂದ್ರೆ 92ರಿಂದ 95. ಥರ್ಮಾಮೀಟರ್ ಕಡ್ಡಿ ಮೂಳೆಗೆ ತಾಗಿದ್ರೆ ಸುಳ್ಳು ಹೇಳುತ್ತೆ, ದಪ್ಪ ಮಾಂಸದ ನಡುವಿಗೆ ಚುಚ್ಚಿ. ಕುದಿಯೋ ನೀರಲ್ಲಿ ಮೀಟರ್ ಪರೀಕ್ಷೆ ಮಾಡೋದಾದ್ರೆ ಅದು 100 ತೋರಿಸಲ್ಲ ಅಂತ ಎಸೀಬೇಡಿ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರ, ನಿಮ್ಮಲ್ಲಿ ನೀರು 97-98ಕ್ಕೇ ಕುದಿಯುತ್ತೆ.

ಇನ್ನು ಆ ಹಿಟ್ಟು ಹಿಟ್ಟು ಪದರ ಕಾಚಂಪುಳಿ ಕೆಲಸ. ವಿನಿಗರ್‌ಗಿಂತ ಎಷ್ಟೋ ಗಟ್ಟಿ ಹುಳಿ ಅದು. ಕೊಡಗಿನ ಹಂದಿ ಸಾರು ಪಂದಿಕರಿಗೂ ಅದನ್ನ ಹಾಕೋದು ಬೇಯೋ ಕೊನೆಗೆ. ನೀವು ನಾಲ್ಕು ಚಮಚ ಹಾಕಿ ಒಂದೂವರೆ ದಿನ ನೆನೆಸಿದ್ರಿ. ಹುಳಿಯಾಗಲಿ ಮಸಾಲೆಯಾಗಲಿ ಬಹಳ ಆಳಕ್ಕೆ ಹೋಗಲ್ಲ, ಮೇಲೇ ಕೂತು ಮೇಲ್ಮೈಯನ್ನೇ ಕೆಡಿಸುತ್ತೆ. ಒಳಗೆ ಇಳಿಯೋದು ಉಪ್ಪು. ಎರಡೂವರೆ ಕೆಜಿಗೆ 30 ಗ್ರಾಂ ತೂಗಿ ಹಾಕಿ, ಹಿಂದಿನ ರಾತ್ರಿಯೇ ಸಾಕು. ತೊಗಲ ಮೇಲೆ ಮಸಾಲೆ ಮೆತ್ತಿ ಪ್ರಯೋಜನ ಇಲ್ಲ, ಮಾಂಸದ ಕಡೆ ತಿಕ್ಕಿ.

ಬೆಲ್ಲ ನಮ್ಮೂರಿನ ಬೆಳೆ, ಬೇಡ ಅನ್ನೋಕೆ ಬಾಯಿ ಬರಲ್ಲ. ಆದ್ರೆ ಸಣ್ಣ ಓಟಿಜಿಯಲ್ಲಿ ಮೇಲಿನ ರಾಡು ಮಾಂಸಕ್ಕೆ ನಾಲ್ಕು ಬೆರಳು ದೂರದಲ್ಲಿರುತ್ತೆ, ಮೊದಲೇ ಹಚ್ಚಿದ ಬೆಲ್ಲ 220ಕ್ಕೆ ಸೀಯದೆ ಇನ್ನೇನಾಗುತ್ತೆ? ಕೊನೆಯ 20 ನಿಮಿಷಕ್ಕೆ ಕಾಚಂಪುಳಿ ಜೊತೆ ಕದಡಿ ಬಳಿಯಿರಿ.

ಉಳಿದ ಮಾಂಸ ಎಸೀಬೇಡಿ. ಕಪ್ಪಗಾದದ್ದು ಕೆರೆದು, ಅರ್ಧ ಲೋಟ ನೀರು ಹಾಕಿ, ಫಾಯಿಲ್ ಬಿಗಿ ಮುಚ್ಚಿ 140ರಲ್ಲಿ ಎರಡು ಗಂಟೆ ಇಡಿ. ಫೋರ್ಕ್ ಸಲೀಸಾಗಿ ಇಳಿಯೋ ತನಕ.

ಹುಣಸೂರು ರಸ್ತೆ

ಕುಕ್ಕರಲ್ಲಿ ನಾಲ್ಕು ವಿಷಲ್ ಕೂಗಿಸಿ ಆಮೇಲೆ ಓಟಿಜಿಗೆ ಇಟ್ರೆ ಇಷ್ಟೆಲ್ಲ ತಾಪತ್ರಯ ಇಲ್ವಲ್ಲ?

ಆಲೆಮನೆ, ಮಂಡ್ಯ

ಮೆತ್ತಗಾಗೋದು ನಿಜ ಸರ್, ಮಿಕ್ಕಿದ ಮಾಂಸಕ್ಕೆ ಅದೂ ಒಳ್ಳೆ ದಾರಿ. ಇಡೀ ತುಂಡಿಗೆ ನಾನು ಒಪ್ಪಲ್ಲ. ರಸವೆಲ್ಲ ನೀರಿಗಿಳಿದು ಸಾರಾಗುತ್ತೆ, ನಿಧಾನಕ್ಕೆ ಬರೋ ಆ ಕಂದು ಹೊರಪದರ ಬರಲ್ಲ. ನನಗೆ ರೋಸ್ಟ್ ಅಂದ್ರೆ ಆ ಪದರವೇ.

ಒಲೆಮುಂದೆ, ಮೈಸೂರು

ಮಿಕ್ಕಿದ್ದು ಎರಡೂಕಾಲು ಗಂಟೆಗೆ ಮೆತ್ತಗಾಯ್ತು. ಎಳೆ ಬಿಡಿಸಿ ಈರುಳ್ಳಿ ಜೊತೆ ಹುರಿದು ಅಕ್ಕಿ ರೊಟ್ಟಿಗೆ ಹಾಕಿದೆ, ಮಕ್ಕಳು ಬಟ್ಟಲು ಖಾಲಿ ಮಾಡಿದ್ರು. ತುಂಬಾ ಉಪಕಾರ ಆಯ್ತು.

ಒಲೆಮುಂದೆ, ಮೈಸೂರು

ಈ ಭಾನುವಾರ ಮತ್ತೆ ಮಾಡಿದೆ, ಲೆಕ್ಕ ಬರೆದಿಟ್ಟೆ. 2.4 ಕೆಜಿ, ಉಪ್ಪು 29 ಗ್ರಾಂ, ಕಾಚಂಪುಳಿ ಒಂದೇ ಚಮಚ. ಬೆಳಿಗ್ಗೆ 6:30ಕ್ಕೆ 140ರಲ್ಲಿ, ಕೆಳಗಿನ ರಾಡು ಮಾತ್ರ. 9:20ಕ್ಕೆ 69ರಲ್ಲಿ ನಿಂತಿತು. ಫಾಯಿಲ್ ಸುತ್ತಿದೆ, ಉರಿ ಮುಟ್ಟಲಿಲ್ಲ. ನಡುವೆ 25 ನಿಮಿಷ ಕರೆಂಟ್ ಹೋಯ್ತು, ಇನ್ವರ್ಟರ್ ಓಟಿಜಿ ಎಳೆಯಲ್ಲ. ಬಾಗಿಲು ತೆಗೆಯದೆ ಹಾಗೇ ಬಿಟ್ಟೆ, ಎರಡೇ ಡಿಗ್ರಿ ಇಳಿದಿತ್ತು. 12:40ಕ್ಕೆ 93. ಫಾಯಿಲ್ ತೆಗೆದು ಬೆಲ್ಲ ಬಳಿದು 20 ನಿಮಿಷ, ಆಮೇಲೆ ಮುಚ್ಚಿ ಮುಕ್ಕಾಲು ಗಂಟೆ ಆರಲು ಬಿಟ್ಟೆ. ಮೂಳೆ ಹಿಡಿದು ಎಳೆದ್ರೆ ಬಿಳಿಯಾಗಿ ಬಂತು.

ಅಣ್ಣನನ್ನ ಮತ್ತೆ ಕರೆದಿದ್ದೆ. ಎರಡನೇ ಸಲ ಬಡಿಸಿಕೊಂಡರು. ತೊಗಲು ಮಾತ್ರ ಗರಿಗರಿ ಬರಲಿಲ್ಲ, ಅದಕ್ಕೇನು ಮಾಡಲಿ?

ಆಲೆಮನೆ, ಮಂಡ್ಯ

ಫಾಯಿಲಿನ ಆವಿಗೆ ತೊಗಲು ನೆಂದಿರುತ್ತೆ ಅಕ್ಕ. ಮುಂದಿನ ಸಲ 93 ಆದ ಮೇಲೆ ತೊಗಲನ್ನ ಬಿಡಿಸಿ ತೆಗೆದು, ಒರೆಸಿ, ಉಪ್ಪು ಸವರಿ, ಬೇರೆ ತಟ್ಟೆಯಲ್ಲಿ 220ಕ್ಕೆ ಇಡಿ. ಪಕ್ಕದಲ್ಲೇ ನಿಂತಿರಿ, 10 ನಿಮಿಷ ದಾಟಿದ ಮೇಲೆ ಯಾವ ಗಳಿಗೆಯಲ್ಲಾದ್ರೂ ಉಬ್ಬುತ್ತೆ.