ಒಟಿಪಿ ಬಾರದೆಯೇ ತಂದೆಯವರ ಕ್ರೆಡಿಟ್ ಕಾರ್ಡಿನಲ್ಲಿ ಡಾಲರ್ ವಹಿವಾಟು: ಬ್ಯಾಂಕಿಗೆ ಏನೆಂದು ಉತ್ತರಿಸಬೇಕು?

ಪ್ರಶ್ನೆ (ಹಾಸನದ ಓದುಗ)

ನನ್ನ ತಂದೆಯವರು ನಿವೃತ್ತ ಶಿಕ್ಷಕರು. ಎರಡನೇ ಶನಿವಾರದ ಹಿಂದಿನ ರಾತ್ರಿ, ಅಂದರೆ ಶುಕ್ರವಾರ, ಅವರ ಕ್ರೆಡಿಟ್ ಕಾರ್ಡಿನ ಮೇಲೆ ಯಾವುದೋ ವಿದೇಶಿ ಜಾಲತಾಣದಲ್ಲಿ ಮೊದಲು ಒಂದು ಡಾಲರಿನ, ಅದರ ಬೆನ್ನಿಗೇ ಎರಡು ದೊಡ್ಡ ಮೊತ್ತದ ವಹಿವಾಟುಗಳು ನಡೆದಿದ್ದು, ಒಟ್ಟು ಸುಮಾರು 38,000 ರೂಪಾಯಿ ಹೋಗಿದೆ. ಒಟಿಪಿ ಬಂದಿಲ್ಲ, ಯಾರ ಕರೆಯೂ ಬಂದಿಲ್ಲ, ಕಾರ್ಡು ಮನೆಯ ಬೀರುವಿನಲ್ಲಿಯೇ ಇದೆ. ಸೋಮವಾರ ಬೆಳಿಗ್ಗೆ ಸಂದೇಶ ನೋಡಿದ ಕೂಡಲೇ ಕಾರ್ಡನ್ನು ಬ್ಲಾಕ್ ಮಾಡಿಸಿದೆವು. ಆದರೆ ಗ್ರಾಹಕ ಸೇವಾ ಕೇಂದ್ರದವರು, ಮೂರು ದಿನ ಕಳೆದಿರುವುದರಿಂದ ಪೂರ್ತಿ ಹೊಣೆ ನಿಮ್ಮದೇ, ಕಾರ್ಡಿನ ವಿವರವನ್ನು ನೀವೇ ಯಾರಿಗೋ ಕೊಟ್ಟಿರಬೇಕು, ಮೊದಲು ಬಿಲ್ ಕಟ್ಟಿ ಎನ್ನುತ್ತಿದ್ದಾರೆ. ಈ ವಾದ ಸರಿಯೇ?

ಉತ್ತರ 1 (ನಿವೃತ್ತ ಬ್ಯಾಂಕ್ ಅಧಿಕಾರಿ)

ಸರಿಯಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ಗ್ರಾಹಕನದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಮೂರನೆಯವರಿಂದ ವಂಚನೆ ನಡೆದಿದ್ದು, ಬ್ಯಾಂಕಿನ ಸಂದೇಶ ತಲುಪಿದ ಮೂರು ಕೆಲಸದ ದಿನಗಳೊಳಗೆ ಗ್ರಾಹಕನು ದೂರು ಕೊಟ್ಟಿದ್ದರೆ, ಅವನ ಹೊಣೆ ಶೂನ್ಯ. ಬ್ಯಾಂಕಿನದೇ ಲೋಪವಾಗಿದ್ದರಂತೂ ದೂರು ಯಾವಾಗ ಕೊಟ್ಟಿರಿ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಇಲ್ಲಿ ಎಣಿಸಬೇಕಾದುದು ಕ್ಯಾಲೆಂಡರಿನ ದಿನಗಳನ್ನಲ್ಲ, ನಿಮ್ಮ ಶಾಖೆ ತೆರೆದಿರುವ ದಿನಗಳನ್ನು. ಸಂದೇಶ ಬಂದ ದಿನವನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಶುಕ್ರವಾರ ಬಿಟ್ಟುಹೋಯಿತು, ಎರಡನೇ ಶನಿವಾರ ರಜೆ, ಭಾನುವಾರ ರಜೆ, ಆದ್ದರಿಂದ ನೀವು ದೂರು ಕೊಟ್ಟ ಸೋಮವಾರವೇ ಮೊದಲನೆಯ ದಿನ. ನಾಲ್ಕರಿಂದ ಏಳು ದಿನಗಳೊಳಗೆ ಕೊಟ್ಟಿದ್ದರೂ, ಐದು ಲಕ್ಷದವರೆಗೆ ಮಿತಿಯಿರುವ ಕ್ರೆಡಿಟ್ ಕಾರ್ಡಿಗೆ ಒಂದು ವಹಿವಾಟಿಗೆ ಗ್ರಾಹಕನ ಹೊಣೆ 10,000 ರೂಪಾಯಿಯನ್ನು ಮೀರುವಂತಿರಲಿಲ್ಲ. ಪೂರ್ತಿ ಹೊಣೆ ನಿಮ್ಮದೆಂಬ ಮಾತು ಎಲ್ಲಿಂದ ಬಂತೋ!

ಒಟಿಪಿ ಬಾರದಿದ್ದುದೂ ಆಶ್ಚರ್ಯವಲ್ಲ. ದೇಶದೊಳಗಿನ ಆನ್‌ಲೈನ್ ಕಾರ್ಡ್ ಪಾವತಿಗೆ 2009ರಿಂದ ಎರಡನೆಯ ದೃಢೀಕರಣ ಕಡ್ಡಾಯವಾಗಿದ್ದರೂ, ಅನೇಕ ವಿದೇಶಿ ತಾಣಗಳಲ್ಲಿ ಕಾರ್ಡ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ಹಿಂಬದಿಯ ಮೂರು ಅಂಕಿಗಳಿದ್ದರೆ ಸಾಕಾಗುತ್ತಿತ್ತು. ಮೊದಲಿನ ಒಂದು ಡಾಲರು ಕಾರ್ಡು ಚಾಲ್ತಿಯಲ್ಲಿದೆಯೇ ಎಂದು ವಂಚಕರು ಪರೀಕ್ಷಿಸುವ ಮಾಮೂಲಿ ಕ್ರಮ. ಅದನ್ನೂ ನಿಮ್ಮ ಪತ್ರದಲ್ಲಿ ನಮೂದಿಸಿ. ವಿವರವನ್ನು ನೀವೇ ಕೊಟ್ಟಿರಬೇಕೆಂಬುದು ಊಹೆ ಮಾತ್ರ. ಗ್ರಾಹಕನ ಹೊಣೆಯನ್ನು ಸಾಬೀತುಪಡಿಸುವ ಭಾರ ಬ್ಯಾಂಕಿನದೆಂದು ಅದೇ ಸುತ್ತೋಲೆ ಸ್ಪಷ್ಟವಾಗಿ ಹೇಳುತ್ತದೆ.

ಫೋನಿನಲ್ಲಿ ವಾದಿಸುವುದನ್ನು ಇಲ್ಲಿಗೆ ನಿಲ್ಲಿಸಿ. ಶಾಖೆಗೆ ಲಿಖಿತ ದೂರು ಕೊಟ್ಟು, ಸ್ವೀಕರಿಸಿದ ದಿನಾಂಕ ಮತ್ತು ಮೊಹರನ್ನು ಪ್ರತಿಯ ಮೇಲೆ ಹಾಕಿಸಿಕೊಳ್ಳಿ. ಸೋಮವಾರದ ಕರೆಗೆ ಬಂದ ದೂರಿನ ಸಂಖ್ಯೆಯನ್ನು ಅದರಲ್ಲಿ ಬರೆಯಿರಿ. ದೂರು ಕೊಟ್ಟ 10 ಕೆಲಸದ ದಿನಗಳೊಳಗೆ ವಿವಾದಿತ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ಮಾಡಿ, 90 ದಿನಗಳೊಳಗೆ ಪ್ರಕರಣವನ್ನು ತೀರ್ಮಾನಿಸುವುದು ಬ್ಯಾಂಕಿನ ಕರ್ತವ್ಯ.

ಉತ್ತರ 2 (ಲೆಕ್ಕಪತ್ರದ ಕೆಲಸದವರು, ಮೈಸೂರು)

ಮೇಲಿನ ಉತ್ತರವನ್ನು ಒಪ್ಪುತ್ತಲೇ ಬಿಲ್ಲಿನ ಬಗ್ಗೆ ಒಂದು ಮಾತು. ಸಿಟ್ಟಿನಲ್ಲಿ ಇಡೀ ಬಿಲ್ಲನ್ನು ಕಟ್ಟದೆ ಬಿಡಬೇಡಿ. ತಂದೆಯವರು ನಿಜವಾಗಿ ಮಾಡಿದ ಖರ್ಚನ್ನು ಗಡುವಿನೊಳಗೆ ಕಟ್ಟಿ, ತಕರಾರಿನ ಮೊತ್ತವನ್ನು ಮಾತ್ರ ಬಿಟ್ಟಿರುವುದಾಗಿ ಲಿಖಿತವಾಗಿ ತಿಳಿಸಿ. ವಂಚನೆಯೆಂದು ತಕರಾರು ಮಾಡಿದ ವಹಿವಾಟಿನ ಮೇಲೆ ಅದು ಇತ್ಯರ್ಥವಾಗುವವರೆಗೆ ಯಾವ ಶುಲ್ಕವನ್ನೂ ಹಾಕಬಾರದೆಂದು ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನಗಳಲ್ಲಿದೆ. ಹಾಗಿದ್ದರೂ ಮುಂದಿನ ಸ್ಟೇಟ್‌ಮೆಂಟಿನಲ್ಲಿ ತಡಪಾವತಿ ಶುಲ್ಕವೋ ಬಡ್ಡಿಯೋ ನುಸುಳಿರಬಹುದು, ಆದ್ದರಿಂದ ಸಾಲುಸಾಲಾಗಿ ನೋಡಿ.

ಜೊತೆಗೆ ಇಂದೇ 1930ಕ್ಕೆ ಕರೆ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ಹಣ ವಿದೇಶಿ ವರ್ತಕನಿಗೆ ಹೋಗಿರುವುದರಿಂದ ಪೊಲೀಸರು ಅದನ್ನು ತಡೆಹಿಡಿಯುವ ಸಾಧ್ಯತೆ ಕಡಿಮೆಯೆಂದೇ ನನ್ನ ಅಂದಾಜು. ಆದರೂ ಸ್ವೀಕೃತಿ ಸಂಖ್ಯೆಯಿದ್ದರೆ ನಿಮ್ಮ ದೂರಿಗೆ ತೂಕ ಬರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಶಾಖೆಯವರು ಪತ್ರ ಪಡೆದು ಮೊಹರು ಹಾಕಿಕೊಟ್ಟರು. ಆದರೆ ತುಂಬಿ ಕೊಡಲು ಹೇಳಿದ ನಮೂನೆಯಲ್ಲಿ "ಕಾರ್ಡಿನ ವಿವರಗಳನ್ನು ಹಂಚಿಕೊಂಡಿರುತ್ತೇನೆ" ಎಂಬ ಸಾಲಿನ ಮುಂದೆ ಮೊದಲೇ ಗುರುತು ಹಾಕಲಾಗಿದೆ. ಅಲ್ಲದೆ, ಹಣ ವಾಪಸು ಕೊಡಿಸುತ್ತೇವೆಂದು ಇಂದು ಬೆಳಿಗ್ಗೆ ಯಾರೋ ಕರೆ ಮಾಡಿದ್ದರು.

ಉತ್ತರ 3 (ಗ್ರಾಹಕ ವ್ಯಾಜ್ಯಗಳ ವಕೀಲೆ, ಬೆಂಗಳೂರು)

ಆ ನಮೂನೆಗೆ ಹಾಗೆಯೇ ಸಹಿ ಮಾಡಬೇಡಿ. ಗ್ರಾಹಕನ ಅಜಾಗರೂಕತೆಯಿಂದ ನಷ್ಟವಾದಾಗ, ದೂರು ಕೊಡುವವರೆಗಿನ ಇಡೀ ನಷ್ಟವನ್ನು ಅವನೇ ಭರಿಸಬೇಕೆಂದು ಸುತ್ತೋಲೆ ಹೇಳುತ್ತದೆ. ಮೇಲಿನವರು ವಿವರಿಸಿದ ರಕ್ಷಣೆಯನ್ನೆಲ್ಲ ಆ ಒಂದು ಗುರುತು ಕಳೆದುಬಿಡುತ್ತದೆ. ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ "ಯಾರೊಂದಿಗೂ ಹಂಚಿಕೊಂಡಿಲ್ಲ" ಎಂದು ಬರೆದು ತಂದೆಯವರಿಂದ ಸಹಿ ಹಾಕಿಸಿ, ಪ್ರತಿಯನ್ನು ಇಟ್ಟುಕೊಳ್ಳಿ. ತಾವಾಗಿಯೇ ಕರೆ ಮಾಡಿ ಹಣ ಮರಳಿಸುತ್ತೇವೆನ್ನುವವರು ಮುಂದೆ ಒಟಿಪಿ ಕೇಳುತ್ತಾರೆ, ಇಲ್ಲವೇ ಮೊಬೈಲಿನ ಪರದೆ ಕಾಣಿಸುವ ಯಾವುದಾದರೂ ಆ್ಯಪ್ ಹಾಕಿಸುತ್ತಾರೆ. ಅದಕ್ಕೆ ಒಪ್ಪಿದರೆ ಎರಡನೆಯ ನಷ್ಟಕ್ಕೆ ನೀವೇ ಹೊಣೆಯಾಗುತ್ತೀರಿ. ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಯನ್ನು ಬಿಟ್ಟು ಬೇರಾವುದಕ್ಕೂ ಕರೆ ಮಾಡಬೇಡಿ.

ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಆನ್‌ಲೈನಿನಲ್ಲಿಯೇ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ನನ್ನಂಥ ವಕೀಲರ ಅಗತ್ಯವೂ ಇಲ್ಲ.

ಪ್ರಶ್ನೆ ಕೇಳಿದವರು

ಸಾಲನ್ನು ಹೊಡೆದುಹಾಕಿಯೇ ಕೊಟ್ಟೆವು. ತಾಯಿಯವರ ಡೆಬಿಟ್ ಕಾರ್ಡಿಗೂ ಇದೇ ಅಪಾಯವಿದೆಯೇ?

ಉತ್ತರ 1 (ನಿವೃತ್ತ ಬ್ಯಾಂಕ್ ಅಧಿಕಾರಿ)

ಇದೆ, ಮತ್ತು ಅಲ್ಲಿ ಹೋಗುವುದು ಖಾತೆಯಲ್ಲಿರುವ ಹಣವೇ. ಕಾರ್ಡಿನ ಬಳಕೆಯನ್ನು ಗ್ರಾಹಕರೇ ನಿಯಂತ್ರಿಸುವ ಸೌಲಭ್ಯವನ್ನು ಎಲ್ಲ ಬ್ಯಾಂಕುಗಳೂ ಕೊಡಬೇಕೆಂದು 2020ರ ಜನವರಿಯಲ್ಲಿ ಆದೇಶವಾಗಿದೆ. ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಬಳಕೆ ಎಂಬುದನ್ನು ಆಫ್ ಮಾಡಿ, ಆನ್‌ಲೈನ್ ಖರೀದಿಯ ಮಿತಿಯನ್ನು ಅವರಿಗೆ ಬೇಕಾದಷ್ಟಕ್ಕೇ ಇಳಿಸಿ. ಆ್ಯಪ್ ಬಳಸಲು ಅವರಿಗೆ ಕಷ್ಟವಾದರೆ ಎಟಿಎಂನಲ್ಲಿಯೂ ಇದನ್ನು ಮಾಡಬಹುದು.