ಸಹಾಯ ಬೇಕು: 1996ರ ಮಾರುತಿ 800, ಕಾರ್ಬ್ಯುರೇಟರ್ ಕೆಲಸ ಗೊತ್ತಿರುವ ಮೆಕ್ಯಾನಿಕ್

ಎಲ್ಲರಿಗೂ ನಮಸ್ಕಾರ. ನಾನಿರುವುದು ಹಾಸನದಲ್ಲಿ. 2004ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ನನ್ನ ಮೊದಲ ಕಾರು, ಬಿಳಿ ಮಾರುತಿ 800, ಎರಡು ವರ್ಷದಿಂದ ಶೆಡ್ಡಿನಲ್ಲಿ ಸುಮ್ನೆ ನಿಂತಿದೆ. ಈಗ ಸ್ಟಾರ್ಟ್ ಆಗುತ್ತೆ, ಆದರೆ ಆಕ್ಸಿಲರೇಟರ್ ಬಿಟ್ಟ ತಕ್ಷಣ ಆಫ್ ಆಗುತ್ತೆ. ಹಳೇ ಪೆಟ್ರೋಲ್ ತೆಗೆಸಿ, ಹೊಸ ಪ್ಲಗ್ ಹಾಕಿಸಿ ಆಯ್ತು, ಹಾಗಾಗಿ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರೇ ಕಟ್ಟಿಕೊಂಡಿರಬೇಕು ಅನ್ನಿಸುತ್ತೆ.

ಇಲ್ಲಿ ಇಬ್ಬರು ನೋಡಿ, ಗುಜರಿಗೆ ಹಾಕಿ ಅಂದರು. ನನಗೆ ಮನಸ್ಸು ಬರಲಿಲ್ಲ. 796 ಸಿಸಿ, ನಾಲ್ಕೇ ಗೇರು, ಎಸಿ ಇಲ್ಲ, ಆದರೂ ಐದು ಜನ ಕೂತು ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗ್ತಿದ್ದೆವು, ಅಮ್ಮನ ತೊಡೆ ಮೇಲೆ ಚಿತ್ರಾನ್ನದ ಡಬ್ಬಿ, ಕಿಟಕಿಯಿಂದ ಮಳೆಯ ಎರಚಲು. ಚಳಿಗಾಲದ ಬೆಳಗ್ಗೆ ಚೋಕ್ ಎಳೆದು ಒಂದೆರಡು ನಿಮಿಷ ಕಾದರೆ ಸಾಕಿತ್ತು. ಅಮ್ಮ ಈಗಿಲ್ಲ, ಅವರು ಡ್ಯಾಶ್‌ಬೋರ್ಡಿಗೆ ಅಂಟಿಸಿದ ಪುಟ್ಟ ಗಣಪ ಇನ್ನೂ ಅಲ್ಲೇ ಇದ್ದಾನೆ.

ಹಾಸನ, ಮೈಸೂರು, ಬೆಂಗಳೂರಲ್ಲಿ ಕಾರ್ಬ್ಯುರೇಟರ್ ಬಿಚ್ಚಿ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕ್ಲೀನ್ ಮಾಡಿ ಟ್ಯೂನ್ ಮಾಡುವ ಹಳೇ ಕೈ ಯಾರಾದರೂ ಗೊತ್ತಾ? ರಿಪೇರಿ ಕಿಟ್ ಎಲ್ಲಿ ಸಿಗುತ್ತೆ? ಆರ್‌ಸಿ ಐದು ವರ್ಷಕ್ಕೆ ಮತ್ತೆ ರಿನ್ಯೂ ಮಾಡಿಸಬೇಕು, ಇತ್ತೀಚೆಗೆ ಮಾಡಿಸಿದವರು ಎಷ್ಟು ಖರ್ಚಾಯ್ತು ಅಂತ ದಯವಿಟ್ಟು ಹೇಳಿ. ಟೋಯಿಂಗ್ ಮಾಡಿಸಿಕೊಂಡು ಬರೋಕೂ ರೆಡಿ.