ಪ್ಯಾನ್ಸ್ ಲ್ಯಾಬಿರಿಂತ್: ಇಷ್ಟು ಹೆದರಿಸುವ ಕಥೆ ಮತ್ತೆ ಮತ್ತೆ ಯಾಕೆ ಬೇಕಾಗುತ್ತದೆ?

ಬಾರ್ಕೂರಿನ ಮೊಮ್ಮಗಳು, ಉಡುಪಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಶನಿವಾರ ರಾತ್ರಿ ಈ ಸಿನಿಮಾ ಮತ್ತೆ ನೋಡಿದೆ. ಇದು ನಾಲ್ಕನೇ ಸಲ. ಹೊರಗೆ ಜೋರು ಮಳೆ, ಮನೆಯಲ್ಲಿ ನಾನೊಬ್ಬಳೇ. ಆ ಬಿಳುಚಿದ ರಾಕ್ಷಸ ತಟ್ಟೆಯಲ್ಲಿದ್ದ ಎರಡು ಕಣ್ಣು ಎತ್ತಿ ಅಂಗೈಗೆ ಸಿಕ್ಕಿಸಿಕೊಂಡು, ಕೈಯನ್ನು ಮುಖದ ಹತ್ತಿರ ಹಿಡಿಯುತ್ತಾನಲ್ಲ, ಆಗ ನಾಲ್ಕನೇ ಸಲವೂ ಕಾಲು ಮಂಚದ ಮೇಲೆ ಎಳೆದುಕೊಂಡೆ. ಮುಂದೆ ಎಂತ ಆಗುತ್ತದೆ ಅಂತ ಚೆನ್ನಾಗಿ ಗೊತ್ತು. ಆದರೂ.

ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಇದು 2006ರಲ್ಲಿ ಬಂದ ಸ್ಪ್ಯಾನಿಷ್ ಭಾಷೆಯ ಸಿನಿಮಾ. ನಿರ್ದೇಶಕ ಮೆಕ್ಸಿಕೋದ ಗಿಯೆರ್ಮೊ ದೆಲ್ ತೊರೊ. ಕಥೆ ನಡೆಯುವುದು 1944ರ ಸ್ಪೇನಿನಲ್ಲಿ. ಒಫೀಲಿಯಾ ಅನ್ನುವ ಹುಡುಗಿ ಬಸುರಿ ಅಮ್ಮನ ಜೊತೆ ಕಾಡಿನ ಪಕ್ಕದ ಒಂದು ಹಳೆ ಗಿರಣಿಗೆ ಬರುತ್ತಾಳೆ. ಮಲತಂದೆ ವಿದಾಲ್ ಅಲ್ಲಿ ಸೈನ್ಯದ ಕ್ಯಾಪ್ಟನ್. ಹತ್ತಿರದ ಕಲ್ಲಿನ ಚಕ್ರವ್ಯೂಹದಲ್ಲಿ ಅವಳಿಗೆ ಕೊಂಬಿನ, ಆಡಿನ ಕಾಲಿನ ಫಾನ್ ಸಿಗುತ್ತಾನೆ. ನೀನು ಪಾತಾಳದ ರಾಜಕುಮಾರಿ, ಮೂರು ಕೆಲಸ ಮಾಡಿ ತೋರಿಸು ಅನ್ನುತ್ತಾನೆ. ಸಿನಿಮಾ ಶುರುವಾಗುವುದೇ ಆ ಹುಡುಗಿ ರಕ್ತ ಸೋರಿಸಿಕೊಂಡು ಬಿದ್ದಿರುವಲ್ಲಿಂದ. ಹಾಗಾಗಿ ಕೊನೆ ಸುಖದ್ದಲ್ಲ ಅಂತ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ನನಗೆ ಇದು ಎಲ್ಲೋ ದೂರದ ಕಥೆ ಅಂತ ಒಮ್ಮೆಯೂ ಅನಿಸಲಿಲ್ಲ. ಆಟಿ ತಿಂಗಳಲ್ಲಿ ಬಾರ್ಕೂರಿನ ಅಜ್ಜಿ ಮನೆಯಲ್ಲಿ ದಿನಗಟ್ಟಲೆ ಕರೆಂಟು ಇರುತ್ತಿರಲಿಲ್ಲ. ಅಜ್ಜಿ ಬಚ್ಚಲ ಒಲೆಯಲ್ಲಿ ಹಲಸಿನ ಬೀಜ ಸುಡುತ್ತ ಕಥೆ ಹೇಳುತ್ತಿದ್ದರು. ಒಂದು ಕಥೆಯಲ್ಲಿ ಮಲತಾಯಿ ಹುಡುಗಿಯನ್ನು ಕೊಂದು ಹಿತ್ತಲಲ್ಲಿ ಹೂಳುತ್ತಾಳೆ. ಅಲ್ಲಿ ಮಲ್ಲಿಗೆ ಬಳ್ಳಿ ಹುಟ್ಟುತ್ತದೆ. ಅಣ್ಣ ಹೂ ಕೊಯ್ಯಲಿಕ್ಕೆ ಹೋದರೆ ಬಳ್ಳಿ ಮಾತಾಡುತ್ತದೆ. ಅಜ್ಜಿ ಆ ಬಳ್ಳಿಯ ಮಾತನ್ನು ತುಂಬ ಮೆಲ್ಲ ಹೇಳುತ್ತಿದ್ದರು. ನಾವು ನಾಲ್ಕು ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡು ಕೂರುತ್ತಿದ್ದೆವು. ಬೆಳಿಗ್ಗೆ ಹಿತ್ತಲಿಗೆ ಹೋಗಲಿಕ್ಕೆ ಹೆದರಿಕೆ. ಸಂಜೆಯಾದರೆ ಮತ್ತೆ ಅದೇ ಕಥೆ ಬೇಕು!

ಈ ಸಿನಿಮಾದ ಮಾಯೆಯೂ ಅಜ್ಜಿಯ ಒಲೆಯ ಹತ್ತಿರದ್ದೇ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಬಾಗಿಲು ಬರೆದರೆ ಅದು ತೆರೆಯುತ್ತದೆ. ಅಮ್ಮನ ಕಾಯಿಲೆಗೆ ಒಫೀಲಿಯಾ ಒಂದು ಬೇರನ್ನು ಹಾಲಿನ ಬಟ್ಟಲಲ್ಲಿಟ್ಟು, ಎರಡು ಹನಿ ರಕ್ತ ಹಾಕಿ, ಮಂಚದ ಅಡಿಗೆ ಇಡುತ್ತಾಳೆ. ಆ ಬೇರು ಕೂಸಿನ ಹಾಗೆ ಕೈಕಾಲು ಆಡಿಸುತ್ತದೆ. ಆ ಬಟ್ಟಲು ನಮ್ಮ ಅಡುಗೆಮನೆಯಲ್ಲೂ ಉಂಟು, ಅಲ್ವಾ?

ನನ್ನ ಪ್ರಶ್ನೆ ಎರಡು. ಇಂಥ ಕಥೆ ನಮ್ಮನ್ನು ಯಾಕೆ ಇಷ್ಟು ಎಳೆಯುತ್ತದೆ? ನನಗೆ ಹೊಳೆದದ್ದು ಇಷ್ಟು: ಅದು ಮಗುವಿಗೆ ಸುಳ್ಳು ಹೇಳುವುದಿಲ್ಲ. ಲೋಕದಲ್ಲಿ ಕೆಟ್ಟವರಿದ್ದಾರೆ, ಅಮ್ಮ ಸಾಯಬಹುದು ಅಂತ ನೇರ ಹೇಳುತ್ತದೆ. ಹೇಳಿ, ಕೈಗೆ ಒಂದು ಸೀಮೆಸುಣ್ಣದ ತುಂಡು ಕೊಡುತ್ತದೆ. ನಿಮಗೆ ಎಂತ ಅನಿಸಿತು?

ಎರಡನೆಯದು, ನನ್ನ ಅಣ್ಣನ ಮಗಳಿಗೆ ಹತ್ತು ವರ್ಷ. ನನ್ನ ಫೋನಿನಲ್ಲಿ ಫಾನ್‌ನ ಚಿತ್ರ ನೋಡಿದ ಮೇಲೆ "ಅತ್ತೆ, ನಂಗೂ ತೋರ್ಸು" ಅಂತ ಬೆನ್ನು ಬಿದ್ದಿದ್ದಾಳೆ. ತೋರಿಸಬಹುದಾ?

ಚೌಕಿಯ ಹುಡುಗ

ಅಕ್ಕ, ನಿಮ್ಮ ಮೊದಲ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಒಂದು ನೆನಪು ಮಾತ್ರ.

ನನ್ನ ಅಪ್ಪ ತೆಂಕುತಿಟ್ಟು ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸರ ವೇಷ ಮಾಡುತ್ತಿದ್ದರು. ಸಣ್ಣವನಿದ್ದಾಗ ನಾನು ಎಷ್ಟೋ ರಾತ್ರಿ ವೇಷ ಕಟ್ಟುವ ಚೌಕಿಯಲ್ಲೇ ಮಲಗಿದ್ದೇನೆ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡುವುದನ್ನು ಪಕ್ಕದಲ್ಲೇ ಕೂತು ನೋಡುತ್ತಿದ್ದೆ. ಒಂದೊಂದೇ ಮುಳ್ಳು ಏಳಬೇಕು. ಗಂಟೆಗಟ್ಟಲೆ ಕೆಲಸ. ಮಧ್ಯೆ ಅಪ್ಪ ನನ್ನ ಹತ್ತಿರ ಚಾ ಕೇಳುತ್ತಿದ್ದರು. ಆಮೇಲೆ ಸಭೆಯ ಹಿಂದಿನಿಂದ ದೊಂದಿ ಬೆಳಕಿನಲ್ಲಿ, ರಾಳದ ಹುಡಿ ಭಗ್ ಅಂತ ಹೊತ್ತಿಕೊಂಡಾಗ, ಆರ್ಭಟೆ ಕೊಡುತ್ತ ಅದೇ ಅಪ್ಪ ಬಂದರೆ ನಾನು ಅಮ್ಮನ ಸೆರಗಿನೊಳಗೆ. ಅಪ್ಪನೇ ಅಂತ ಗೊತ್ತು. ಚಾ ಕೊಟ್ಟದ್ದು ನಾನೇ. ಆದರೂ ಹೆದರಿಕೆ ಪೂರ್ತಿ ನಿಜ.

ಫಾನ್ ಮತ್ತು ಆ ಕೈಗಣ್ಣಿನ ರಾಕ್ಷಸ, ಎರಡೂ ಒಬ್ಬನೇ ನಟ: ಡಗ್ ಜೋನ್ಸ್. ಫಾನ್ ವೇಷಕ್ಕೆ ಸುಮಾರು ಐದು ಗಂಟೆ ಕೂರಬೇಕಿತ್ತು. ರಾಕ್ಷಸನ ಮುಖದಲ್ಲಿ ಕಣ್ಣೇ ಇಲ್ಲವಲ್ಲ, ಹಾಗಾಗಿ ಅವರು ಮೂಗಿನ ತೂತಿನಿಂದ ನೋಡಿಕೊಂಡು ನಡೆದದ್ದು. ಇದನ್ನು ತಿಳಿದ ದಿನ ನನಗೆ ಅಪ್ಪನ ನೆನಪಾಯಿತು. ಮೇಕಪ್ಪಿಗೆ ಆಸ್ಕರ್ ಬಂದದ್ದು ಸುಮ್ನೆ ಅಲ್ಲ. ಅಲ್ಲಿ ಕಂಪ್ಯೂಟರ್ ಕೆಲಸ ಇಲ್ಲ ಅಂತಲ್ಲ. ಆದರೆ ಆ ಚರ್ಮದ ಹಿಂದೆ ಒಬ್ಬ ಮನುಷ್ಯ ಉಸಿರಾಡುತ್ತಿದ್ದಾನೆ ಅಂತ ನಮ್ಮ ಮೈಗೆ ಗೊತ್ತಾಗುತ್ತದೆ. ಕೈಯಿಂದ ಮಾಡಿದ ಹೆದರಿಕೆಗೆ ಒಂದು ಪ್ರೀತಿ ಉಂಟು. ಮರುದಿನ ಆಟ ಇದ್ದರೆ ನಾನೇ ಮೊದಲು ಹೊರಡುತ್ತಿದ್ದೆ.

ಶಾಲೆಯ ಲೈಬ್ರರಿಯವಳು, ಮಂಗಳೂರು

ಎರಡನೇ ಪ್ರಶ್ನೆಗೆ ನನ್ನ ಉತ್ತರ: ಬೇಡ, ದಯವಿಟ್ಟು ಈಗ ಬೇಡ.

ರಾಕ್ಷಸನ ಕಾರಣಕ್ಕೆ ಹೇಳುತ್ತಿಲ್ಲ. ಮಕ್ಕಳು ರಾಕ್ಷಸನನ್ನು ತಡೆದುಕೊಳ್ಳುತ್ತಾರೆ. ಯಾಕಂದ್ರೆ ರಾಕ್ಷಸನಿಗೊಂದು ನಿಯಮ ಉಂಟು. ಮೇಜಿನ ಮೇಲಿನದು ಮುಟ್ಟಬೇಡ, ಮರಳು ಸುರಿದು ಮುಗಿಯುವುದರೊಳಗೆ ವಾಪಸ್ ಬಾ. ನಿಯಮ ಪಾಲಿಸಿದರೆ ಬದುಕುತ್ತೀಯ. ಕ್ಯಾಪ್ಟನ್ ವಿದಾಲ್‌ಗೆ ಅದೂ ಇಲ್ಲ. ಮೊಲ ಹಿಡಿಯಲಿಕ್ಕೆ ಬಂದ ಅಪ್ಪ ಮಗನನ್ನು ಬಂಡುಕೋರರು ಅಂತ ಹಿಡಿದು ತರುತ್ತಾರೆ. ಅವನು ಬಾಟಲಿಯಿಂದ ಮಗನ ಮುಖ ಜಜ್ಜುತ್ತಾನೆ. ಕ್ಯಾಮೆರಾ ಆಚೆ ತಿರುಗುವುದಿಲ್ಲ. ಆಮೇಲೆ ಚೀಲದಲ್ಲಿ ನಿಜಕ್ಕೂ ಮೊಲ ಸಿಗುತ್ತದೆ. ಅವನ ಮುಖದಲ್ಲಿ ಏನೂ ಬದಲಾಗುವುದಿಲ್ಲ. ನಾನು ದೊಡ್ಡವಳು, ನನಗೇ ಅದನ್ನು ಮರೆಯಲಿಕ್ಕಾಗಿಲ್ಲ. ಅಮೆರಿಕದಲ್ಲಿ ಇದಕ್ಕೆ ಕೊಟ್ಟದ್ದು 'ಆರ್' ಸರ್ಟಿಫಿಕೇಟ್, ಅಂದರೆ ಹದಿನೇಳು ತುಂಬದವರು ದೊಡ್ಡವರ ಜೊತೆ ಮಾತ್ರ ನೋಡಬಹುದು.

ಒಮ್ಮೆ ಒಂದು ಯುದ್ಧದ ಸಿನಿಮಾವನ್ನು ಪೂರ್ತಿ ನೋಡದೆ ಮಕ್ಕಳಿಗೆ ಹಾಕಿದ್ದೆ. ಆರನೇ ಕ್ಲಾಸಿನ ಒಬ್ಬ ಹುಡುಗ ಒಂದು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ ಅಂತ ಅವನ ಅಮ್ಮ ಬಂದು ಹೇಳಿದರು. ಅವತ್ತಿನಿಂದ ನಾನು ಮೊದಲು ಕೂತು ಎಲ್ಲ ನೋಡುತ್ತೇನೆ. ಕಥೆಯಲ್ಲಿ ಮಗು ತನಗೆ ತಾಳುವಷ್ಟೇ ರಕ್ತ ಕಲ್ಪಿಸಿಕೊಳ್ಳುತ್ತದೆ. ಪರದೆ ಹಾಗೆ ಅಳತೆ ನೋಡಿ ಕೊಡುವುದಿಲ್ಲ. ನಿಮ್ಮ ಅಜ್ಜಿ ಮೆಲ್ಲ ಹೇಳುತ್ತಿದ್ದರು ಅಂದಿರಲ್ಲ, ಅವರು ನಿಮ್ಮ ನಾಲ್ವರ ಮುಖ ನೋಡಿಕೊಂಡೇ ಹೇಳಿರುತ್ತಾರೆ.

ಕುದ್ರೋಳಿ ವಾಸಿ

ಲೈಬ್ರರಿ ಮೇಡಂ ಮಾತು ಒಪ್ಪುತ್ತೇನೆ. ಆದರೆ ಎರಡು ಲೋಕ ಬೇರೆ ಬೇರೆ ಅಂತ ತಿಳಿಯಬೇಡಿ. ಸಿನಿಮಾದ ಜೀವ ಇರುವುದೇ ಅವೆರಡರ ಹೋಲಿಕೆಯಲ್ಲಿ.

ಸ್ಪೇನಿನ ಅಂತರ್ಯುದ್ಧ 1936ರಿಂದ 1939ರವರೆಗೆ. ಗೆದ್ದ ಸರ್ವಾಧಿಕಾರಿ ಫ್ರಾಂಕೋ 1975ರಲ್ಲಿ ಸಾಯುವವರೆಗೂ ಆಳಿದ. ವಿದಾಲ್ ಅವನ ಸೈನ್ಯದವನು. ಯುದ್ಧ ಮುಗಿದ ಮೇಲೆ ಅಲ್ಲಿ ಹಸಿವು, ರೇಷನ್. ಸಿನಿಮಾದಲ್ಲಿ ಊರವರು ರೊಟ್ಟಿಗೆ ಸಾಲು ನಿಲ್ಲುತ್ತಾರೆ, ಉಗ್ರಾಣದ ಕೀಲಿ ಕ್ಯಾಪ್ಟನ್ ಕಿಸೆಯಲ್ಲಿ. ಅದೇ ಕ್ಯಾಪ್ಟನ್ ಊರ ದೊಡ್ಡವರಿಗೆ, ಪಾದ್ರಿಗೆ ಊಟ ಹಾಕಿಸುತ್ತಾನೆ. ಉದ್ದ ಮೇಜಿನ ತುದಿಯಲ್ಲಿ ಅವನು, ಬೆನ್ನ ಹಿಂದೆ ಬೆಂಕಿಗೂಡು. ಈಗ ರಾಕ್ಷಸನ ಕೋಣೆ ನೆನಪಿಸಿಕೊಳ್ಳಿ. ಅದೇ ಉದ್ದ ಮೇಜು, ಮುಟ್ಟದ ಊಟ, ತುದಿಯಲ್ಲಿ ಅವನು, ಬೆನ್ನ ಹಿಂದೆ ಬೆಂಕಿ. ಹುಡುಗಿ ಕಪ್ಪೆಯ ಹೊಟ್ಟೆಯಿಂದ ಒಂದು ಕೀಲಿ ತೆಗೆಯುತ್ತಾಳೆ. ಮನೆಗೆಲಸದ ಮೆರ್ಸೆದೆಸ್ ಉಗ್ರಾಣದ ಇನ್ನೊಂದು ಕೀಲಿ ಬಚ್ಚಿಟ್ಟು ಕಾಡಿನಲ್ಲಿ ಅಡಗಿದ ಬಂಡುಕೋರರಿಗೆ ಕೊಡುತ್ತಾಳೆ. ಇದನ್ನೆಲ್ಲ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಎರಡನೇ ಸಲ ನೋಡಿದಾಗಲೇ ಕಂಡದ್ದು.

ಕತ್ತಲೆ ಕಥೆ ನಮಗೆ ಹೊಸತೂ ಅಲ್ಲ. ಪುಣ್ಯಕೋಟಿ ಹಾಡನ್ನು ನಾವು ಎಳೆ ಮಕ್ಕಳಿಗೇ ಹೇಳಿಕೊಡುತ್ತೇವೆ. ತಾಯಿ ಕರುವನ್ನು ಬಿಟ್ಟು ಸಾಯಲಿಕ್ಕೆ ಹೊರಡುತ್ತದೆ, ಕೊನೆಗೆ ಹುಲಿ ಪ್ರಾಣ ಬಿಡುತ್ತದೆ. ಒಂದು ವ್ಯತ್ಯಾಸ ಉಂಟು. ಪುಣ್ಯಕೋಟಿ ಕೊಟ್ಟ ಮಾತಿಗೆ ಹೋಗುತ್ತಾಳೆ. ಒಫೀಲಿಯಾ ಕೊನೆಯಲ್ಲಿ ಫಾನ್ ಹೇಳಿದ ಮಾತು ಕೇಳದೆ ನಿಲ್ಲುತ್ತಾಳೆ, ಎಳೆ ತಮ್ಮನಿಗಾಗಿ. ಎರಡರಲ್ಲೂ ನನಗೆ ಗಂಟಲು ಕಟ್ಟುತ್ತದೆ.

ಒಂದು ಮಾತ್ರ ನನಗೆ ಇವತ್ತಿಗೂ ಹಿಡಿಸಿಲ್ಲ. ಅಷ್ಟು ಜಾಣ ಹುಡುಗಿ, ಅಷ್ಟು ಸಲ ಬೇಡ ಅಂದ ಮೇಲೂ ರಾಕ್ಷಸನ ಮೇಜಿನಿಂದ ದ್ರಾಕ್ಷಿ ಯಾಕೆ ತಿಂದಳು? ಅಲ್ಲಿ ಕಥೆ ಮುಂದೆ ಹೋಗಬೇಕಿತ್ತು, ಅದಕ್ಕೆ ತಿನ್ನಿಸಿದರು ಅನಿಸುತ್ತದೆ.

ಬಾರ್ಕೂರಿನ ಮೊಮ್ಮಗಳು, ಉಡುಪಿ

ಎಲ್ಲರಿಗೂ ತುಂಬ ಧನ್ಯವಾದ. ಚೌಕಿಯ ಹುಡುಗ, ನೀವು ಬರೆದದ್ದನ್ನು ನನ್ನ ಅಮ್ಮನಿಗೆ ಓದಿ ಹೇಳಿದೆ. ಅವರು ಎರಡು ಸಲ ಓದಿಸಿದರು.

ಲೈಬ್ರರಿ ಮೇಡಂ, ನಿಮ್ಮ ಮಾತು ಕೇಳಿದೆ. ಸಿನಿಮಾ ಹಾಕಲಿಲ್ಲ. ನಿನ್ನೆ ರಾತ್ರಿ ಅಣ್ಣನ ಮನೆಯಲ್ಲಿ ಕರೆಂಟು ಹೋಗಿತ್ತು. ಅವಳನ್ನು ಪಕ್ಕ ಕೂರಿಸಿಕೊಂಡು ಬಾಯಲ್ಲೇ ಕಥೆ ಹೇಳಿದೆ. ಬಾಟಲಿಯ ಸಂಗತಿ ಬಿಟ್ಟೆ. ಕ್ಯಾಪ್ಟನ್ ಕೆಟ್ಟವನು, ಅವನ ಬೂಟಿನ ಸದ್ದು ಕೇಳಿದರೆ ಮನೆಯವರೆಲ್ಲ ಮಾತು ನಿಲ್ಲಿಸುತ್ತಿದ್ದರು ಅಂದೆ. ಅಷ್ಟು ಸಾಕಾಯಿತು. ಅಂಜೂರದ ಮರದ ಬುಡದೊಳಗೆ ಹುಡುಗಿ ತೆವಳಿಕೊಂಡು ಹೋದದ್ದು, ಹೊಸ ಅಂಗಿ ಕೆಸರಾದದ್ದು, ಅಮ್ಮ ಬೈದದ್ದು ಹೇಳಿದೆ. ಕೈಗಣ್ಣಿನ ರಾಕ್ಷಸ ಬಂದಾಗ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ನಿಲ್ಲಿಸ್ಲಾ ಅಂತ ಕೇಳಿದೆ. ಬೇಡ ಅಂತ ತಲೆ ಅಲ್ಲಾಡಿಸಿದಳು.

ಕುದ್ರೋಳಿಯವರೇ, ನಿಮ್ಮ ಪ್ರಶ್ನೆಯನ್ನು ಅವಳ ಹತ್ತಿರವೇ ಕೇಳಿದೆ. ಎಲ್ಲರೂ ಬೇಡ ಅಂದಿದ್ದರು, ಆದರೂ ದ್ರಾಕ್ಷಿ ಯಾಕೆ ತಿಂದಳು ಪುಟ್ಟಾ? ಅವಳು ಸ್ವಲ್ಪವೂ ಯೋಚಿಸಲಿಲ್ಲ. "ಅಂಗಿ ಕೆಸರು ಮಾಡಿದ್ದಕ್ಕೆ ಅಮ್ಮ ಊಟ ಕೊಡದೆ ಮಲಗಿಸಿದ್ರಲ್ಲ ಅತ್ತೆ. ಅವಳಿಗೆ ಹಸಿವಾಗಿತ್ತು."

ನಾಲ್ಕು ಸಲ ನೋಡಿದ ನನಗೆ ಇದು ಹೊಳೆದಿರಲಿಲ್ಲ. ಕಥೆ ಅಲ್ಲಿಗೆ ನಿಲ್ಲಿಸಿದ್ದೇನೆ. ಹುಡುಗಿ ಸೀಮೆಸುಣ್ಣದ ಬಾಗಿಲಿನಿಂದ ತಪ್ಪಿಸಿಕೊಂಡು ತನ್ನ ಕೋಣೆಗೆ ಬಂದಿದ್ದಾಳೆ. ಉಳಿದದ್ದು ಬರುವ ಭಾನುವಾರಕ್ಕೆ ಅಂತ ಮಾತು ಕೊಟ್ಟಿದ್ದೇನೆ. ಆ ಕೊನೆಯನ್ನು ಯಾವ ದನಿಯಲ್ಲಿ ಹೇಳುವುದು ಅಂತ ಇವತ್ತು ಬಸ್ಸಿನಲ್ಲಿ ಬರುವಾಗಲೂ ಯೋಚಿಸುತ್ತಿದ್ದೆ.